ನಾನು ನೋಡಿದ ಕಡಲಾಮೆ

ವಿಜ್ಞಾನ ಪಾಠ ಮಾಡುವವರ ಕಷ್ಟ ಕನ್ನಡ ಪಾಠ ಮಾಡುವವರಿಗೆ ಅರ್ಥವಾಗುವುದಿಲ್ಲ. ನೋಡದೇ ಇರುವುದನ್ನು ನಾವು ನೋಡಿ ಬಂದವರ ಹಾಗೆ ಹೇಳಬೇಕು. ಜ್ವಾಲಾಮುಖಿಯನ್ನು ನಾನು ನೋಡಿಲ್ಲ, ಅಣುವನ್ನು ನೋಡಿಲ್ಲ, ಹೃದಯದ ನಾಲ್ಕು ಕೋಣೆಗಳನ್ನು ಬೋರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಪುಣ್ಯಕ್ಕೆ ಇವನ್ನೆಲ್ಲ ನೋಡಿದ್ದೀರಾ ಎಂದು ಯಾವ ಮಗುವೂ ಕೇಳುವುದಿಲ್ಲ. ಕಡಲಾಮೆಯ ವಿಷಯಕ್ಕೆ ಬಂದಾಗ ಮಾತ್ರ ಕೇಳುತ್ತವೆ. ಆಮೆ ನಮ್ಮ ಅಜ್ಜಂಪುರದ ಕಡೆಯ ಮಕ್ಕಳಿಗೆ ಪರಿಚಯದ ಪ್ರಾಣಿ. ಕೆರೆಯ ಆಮೆಯನ್ನು ಅವರು ತಿರುಗಿಸಿ ಮಲಗಿಸಿ ನೋಡಿದವರು, ಬೈಸಿಕೊಂಡು ಮತ್ತೆ ನೆಟ್ಟಗೆ ಇಟ್ಟವರು. ಅಂಥವರ ಮುಂದೆ ನಿಂತು, ಕಡಲಲ್ಲಿರುವ ಆಮೆಗೆ ಬೆರಳಿಲ್ಲ, ದೋಣಿಯ ಹುಟ್ಟಿನಂಥ ಅಗಲ ಕಾಲಿದೆ ಎಂದರೆ ಸುಮ್ಮನೆ ಒಪ್ಪಿಕೊಳ್ಳುತ್ತಾರೆಯೇ? ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ಮಿಸ್ ನೀವು ನೋಡಿದ್ದೀರಾ ಎಂದು ಕೇಳಿದ್ದ. ನನಗಾಗ ವಯಸ್ಸು ಇಪ್ಪತ್ತಾರು, ಕ್ಲಾಸಿನ ಗಲಾಟೆ ಹಿಡಿತಕ್ಕೆ ಬಂದಿರಲಿಲ್ಲ. ನೋಡಿದ್ದೇನೆ, ಸಮುದ್ರದೊಳಗೆ ಮುಳುಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇನೆ, ಕೂತ್ಕೊ ಎಂದೆ. ಅವನು ಕೂತ. ಕ್ಲಾಸು ನಿಶ್ಶಬ್ದವಾಯಿತು. ಒಂದು ಸುಳ್ಳಿಗೆ ಇಷ್ಟು ಶಕ್ತಿಯಿದೆ ಎಂದು ಗೊತ್ತಾದ ಮೇಲೆ ಅದನ್ನು ಬಿಡುವುದು ಹೇಗೆ? ಅಂದಿನಿಂದ ವರ್ಷಕ್ಕೊಮ್ಮೆ, ಒಂಬತ್ತನೇ ಕ್ಲಾಸಿಗೆ ಆ ಪಾಠ ಬಂದಾಗಲೆಲ್ಲ, ಅದೇ ಸುಳ್ಳನ್ನು ಹೇಳಿಕೊಂಡು ಬಂದಿದ್ದೇನೆ.

ಹೀಗೇ ನಿವೃತ್ತಿಯವರೆಗೂ ಸಾಗುತ್ತಿತ್ತೇನೋ. ಈ ವರ್ಷ ಚೈತ್ರಾ ಎಂಬ ಹುಡುಗಿ ಅಡ್ಡ ಬಂದಳು. ನಮ್ಮೂರು ಶಿವನಿಯಿಂದಲೇ ನಾನು ಹೋಗುವ ಬಸ್ಸಿನಲ್ಲಿ ಶಾಲೆಗೆ ಬರುವವಳು, ಮಾತು ಕಡಿಮೆ, ಬರೆಯುವುದು ಜಾಸ್ತಿ. ಪಾಠ ಮುಗಿದ ಮೇಲೆ ಹತ್ತಿರ ಬಂದು, ಮಿಸ್, ಅದು ನಿಮ್ಮನ್ನು ನೋಡುವಾಗ ರೆಪ್ಪೆ ಹೊಡೆಯಿತಾ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಹೊಡೆಯಿತು ಎಂದುಬಿಟ್ಟೆ. ಆ ವಾರ ನೋಟ್ಸು ತಿದ್ದಲು ಕೂತಾಗ ಅವಳ ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ಕಡಲಾಮೆ ರೆಪ್ಪೆ ಹೊಡೆಯುತ್ತದೆ. ನಮ್ಮ ಮಿಸ್ ನೋಡಿದ್ದಾರೆ. ಅದರ ಕೆಳಗೆ ಕೆಂಪು ಇಂಕಿನಲ್ಲಿ ರೈಟು ಹಾಕುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಫೋನಿನಲ್ಲಿ ಹುಡುಕಿದೆ. ಆಮೆಗೆ ರೆಪ್ಪೆ ಇದೆ ಎಂದು ಅದರಲ್ಲಿತ್ತು. ಮೊದಲ ವಾಕ್ಯ ಪಾರಾಯಿತು. ಎರಡನೇ ವಾಕ್ಯಕ್ಕೆ ಫೋನಿನಲ್ಲಿ ಉತ್ತರವಿರಲಿಲ್ಲ. ಅದನ್ನು ನಿಜ ಮಾಡಲು ಇರುವುದು ಒಂದೇ ದಾರಿ ಎಂದು ನನಗೆ ಅನ್ನಿಸಿತು. ಈ ಮಕ್ಕಳು ಪರೀಕ್ಷೆ ಬರೆದು ಹೋಗುವುದರೊಳಗೆ ಕಡಲಿಗಿಳಿದು ಒಂದು ಆಮೆಯನ್ನಾದರೂ ನೋಡಿಯೇ ತೀರಬೇಕು.

ಪ್ರತಿ ಡಿಸೆಂಬರಿನ ರಜೆಯಲ್ಲಿ ನಮ್ಮ ಶಾಲೆಯ ಶಿಕ್ಷಕರೆಲ್ಲ ಸೇರಿ ಒಂದು ಪ್ರವಾಸ ಹೋಗುತ್ತೇವೆ. ಹೆಸರಿಗೆ ಪ್ರತಿ ಸಲ ಹೊಸ ಜಾಗದ ಚರ್ಚೆ ನಡೆಯುತ್ತದೆ, ಕೊನೆಗೆ ಹೆಬ್ಬೆ ಜಲಪಾತವೋ ಶೃಂಗೇರಿಯೋ ಗ್ಯಾರಂಟಿ. ಈ ಸಲ ನಾನು ಮೀಟಿಂಗಿನಲ್ಲಿ ಎದ್ದು ನಿಂತು, ಮುರ್ಡೇಶ್ವರಕ್ಕೆ ಹೋಗೋಣ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗಿ, ಮುಖಕ್ಕೆ ಕನ್ನಡಕ ಹಾಕಿ, ಬಾಯಿಗೆ ಕೊಳವೆ ಕೊಟ್ಟು ಸಮುದ್ರದ ಪ್ರಾಣಿಗಳನ್ನು ತೋರಿಸುತ್ತಾರೆ ಎಂದೆ. ಮೊದಲು ಬಾಯಿ ಬಿಟ್ಟವರು ಗಣಿತದ ಗಿರಿಜಮ್ಮ. ಸೀರೆಯಲ್ಲಿ ಇಳಿಯಬಹುದಾ ಎಂದು ಕೇಳಿದರು. ಡ್ರಾಯಿಂಗ್ ಮೇಷ್ಟ್ರು ತಿಪ್ಪೇಶಪ್ಪನವರಿಗೆ ಬಸ್ಸಿನ ಕಿಟಕಿ ಪಕ್ಕ ಸೀಟಿಲ್ಲದಿದ್ದರೆ ತರೀಕೆರೆ ತಲುಪುವುದರೊಳಗೆ ವಾಂತಿಯಾಗುತ್ತದೆ, ದೋಣಿ ಎಂದ ಕೂಡಲೇ ಅವರ ಮುಖ ಬಿಳುಚಿತು. ಹತ್ತು ಜನರ ಕೈಕಾಲು ಹಿಡಿದು, ಎರಡು ದಿನದ ಮಧ್ಯಾಹ್ನದ ಪೀರಿಯಡ್ಡುಗಳನ್ನು ಅವರಿವರಿಗೆ ಧಾರೆ ಎರೆದು, ಅಂತೂ ಒಪ್ಪಿಸಿದೆ. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಹೇಳಿದೆ. ನಮ್ಮ ಯಜಮಾನರು ಎಮ್ಮೆಗೆ ಹಿಂಡಿ ಕಲಸುತ್ತಾ ಪೂರ್ತಿ ಕೇಳಿಸಿಕೊಂಡರು. "ಆಮೆ ನೋಡಾಕೆ ಅಷ್ಟು ದೂರ ಹೋಗ್ಬೇಕಾ? ಮಳೆ ಹುಯ್ದ್ರೆ ನಮ್ ಕೆರೆ ಏರಿ ಮ್ಯಾಲೆ ತಾವಾಗೇ ಬತ್ತವಲ್ಲ ಕಣೇ" ಎಂದರು. ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ಹೋದೆ. ಅವರು, ಹಂಗಾದ್ರೆ ನೋಡ್ಕೊಂಡು ಬಾ, ನಮಸ್ಕಾರ ಹೇಳಿದ್ದೀನಿ ಅಂತ ಹೇಳು ಎಂದು ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಗೆ ಹೋದರು.

ನನಗೆ ಈಜು ಬರುತ್ತದೆ. ಚಿಕ್ಕಂದಿನಲ್ಲಿ ಅಪ್ಪ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ತೋಟದ ಬಾವಿಗೆ ಬಿಟ್ಟು ಕಲಿಸಿದ್ದರು. ತೊಂದರೆ ಏನೆಂದರೆ ಬಾವಿಯಲ್ಲಿ ಕಲಿತ ನಾಲ್ಕು ಪಾಠಗಳೂ ಸಮುದ್ರಕ್ಕೆ ಉಲ್ಟಾ. ಬಾಯಿ ಮುಚ್ಚು, ಕಣ್ಣು ಮುಚ್ಚು, ಉಸಿರು ಕಟ್ಟು, ಕಾಲು ಜೋರಾಗಿ ಬಡಿ ಎನ್ನುವುದು ಬಾವಿಯ ಕ್ರಮ. ಇಲ್ಲಿ ಕಣ್ಣು ಬಿಡಬೇಕು, ಬಾಯಲ್ಲಿ ಉಸಿರಾಡಬೇಕು, ಕಾಲು ಬಡಿಯಲೇಬಾರದು ಎಂದು ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ ಹೇಳಿದ್ದರು. ಹಟ ಹಿಡಿದು ಅಭ್ಯಾಸಕ್ಕೆ ಕೂತೆ. ಹಿತ್ತಲಿನ ಪರಂಗಿ ಎಲೆಯ ದಂಟು ಟೊಳ್ಳಾಗಿರುತ್ತದಲ್ಲ, ಅದನ್ನೊಂದು ಕುಯ್ದು ಬಾಯಲ್ಲಿ ಕಚ್ಚಿಕೊಂಡು, ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ತಲೆ ಮುಳುಗಿಸಿ ಬಾಯಲ್ಲೇ ಉಸಿರಾಡಿದೆ. ಮೂರು ದಿನಕ್ಕೆ ಐದು ನಿಮಿಷ ಇರುವಷ್ಟಾಯಿತು. ನಾಲ್ಕನೇ ದಿನ ಪರಂಗಿಯ ಹಾಲು ತಾಗಿ ತುಟಿ ಇಡ್ಲಿಯ ಹಾಗೆ ಊದಿಕೊಂಡಿತು. ಶಾಲೆಯಲ್ಲಿ ಜೇನು ಕಚ್ಚಿತು ಎಂದೆ. ಒಂದು ಸುಳ್ಳನ್ನು ನಿಜ ಮಾಡಲು ಹೊರಟವಳು ಇನ್ನೊಂದು ಸುಳ್ಳು ಹೇಳಬೇಕಾಯಿತು.

ಇನ್ನು ಮಂಡಕ್ಕಿಯ ವಿಷಯ. ನಮ್ಮ ಕಡೆಯವರು ಮೀನು ನೋಡುವುದು ಎಂದರೆ ಶೃಂಗೇರಿಗೆ ಹೋಗಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚುವುದು. ಮಂಡಕ್ಕಿ ಬಿದ್ದರೆ ಮೀನು ಬರುತ್ತದೆ, ಬರಿಗೈಯಲ್ಲಿ ಹೋದರೆ ಮೀನು ತಾನೇ ಯಾಕೆ ಮುಖ ತೋರಿಸಬೇಕು ಎನ್ನುವುದು ನಾವು ಕೈಕೂಸಾಗಿದ್ದಾಗಿಂದ ಕಲಿತ ಶಾಸ್ತ್ರ. ಹಾಗಾಗಿ ಪ್ರವಾಸ ಹೊರಟ ದಿನ ತರೀಕೆರೆ ಬಸ್‌ಸ್ಟ್ಯಾಂಡಿನ ಪಕ್ಕ ಟೆಂಪೋ ನಿಲ್ಲಿಸಿ ಒಂದು ದೊಡ್ಡ ಚೀಲ ಮಂಡಕ್ಕಿ ತೆಗೆದುಕೊಂಡೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಗಿರಿಜಮ್ಮನವರು, ಸಮುದ್ರ ದೊಡ್ಡದು, ಇನ್ನೊಂದು ಚೀಲ ತಗಳ್ಳಿ ಎಂದರು.

ದೋಣಿಯಲ್ಲಿ ನಮ್ಮನ್ನು ಕರೆದುಕೊಂಡು ಹೋದ ಗೈಡು ಐವತ್ತು ದಾಟಿದ, ನರೆತ ಗಡ್ಡದ, ನಗುವೇ ಇಲ್ಲದ ಮನುಷ್ಯ. ಹತ್ತುವಾಗಲೇ ಎರಡೂ ಚೀಲ ನೋಡಿ ಇದೇನು ಎಂದು ಕೇಳಿದ. ಮೀನಿಗೆ ಎಂದೆ. ಇಲ್ಲಿ ಮೀನಿಗೆ ಏನೂ ಹಾಕುವ ಹಾಗಿಲ್ಲ, ಅವು ತಮ್ಮ ಊಟ ತಾವು ಹುಡುಕಿಕೊಳ್ಳುತ್ತವೆ, ಕಂಡವರು ಹಾಕಿದ್ದನ್ನು ತಿಂದರೆ ಹೊಟ್ಟೆ ಕೆಡುತ್ತದೆ, ಅಭ್ಯಾಸ ಕೆಡುತ್ತದೆ ಎಂದು ಹೇಳಿ ಚೀಲಗಳನ್ನು ಇಂಜಿನ್ನಿನ ಹಿಂದೆ ಇಟ್ಟ. ಇದೇ ಮಾತನ್ನು ಹತ್ತನೇ ಕ್ಲಾಸಿಗೆ ಪರಿಸರದ ಪಾಠದಲ್ಲಿ ನಾನೇ ಹೇಳುತ್ತೇನೆ. ತಲೆಯಾಡಿಸಿದೆ. ಆದರೆ ಅವನು ಬರುವ ಮೊದಲೇ ಒಂದು ಸಣ್ಣ ಪ್ಲಾಸ್ಟಿಕ್ ಕವರಿಗೆ ಎರಡು ಮುಷ್ಟಿ ತುಂಬಿ ಲೈಫ್ ಜಾಕೆಟ್ಟಿನ ಒಳಗೆ ಸೇರಿಸಿದ್ದೆ. ಅದನ್ನು ತೆಗೆದು ಕೊಡಬೇಕು ಅನ್ನಿಸಿತು, ಕೊಡಲಿಲ್ಲ. ಆಮೆ ಬಾರದಿದ್ದರೆ ಎಂಬ ಭಯ.

ದಡದಿಂದ ಹೊರಟು ಒಂದೂವರೆ ಗಂಟೆ ದೋಣಿ ಕುಣಿಯಿತು. ತಿಪ್ಪೇಶಪ್ಪನವರು ದೋಣಿಯ ಅಂಚು ಹಿಡಿದು ಸಮುದ್ರಕ್ಕೆ ಬಗ್ಗಿದವರು ಮತ್ತೆ ಏಳಲಿಲ್ಲ. ದ್ವೀಪದ ಹತ್ತಿರ ದೋಣಿ ನಿಂತಾಗ ಉಳಿದವರೆಲ್ಲ ನೀನು ಮೊದಲು ನೀನು ಮೊದಲು ಎಂದು ಒಬ್ಬರನ್ನೊಬ್ಬರು ನೋಡಿದರು. ನಾನು ಕುಲದೇವರನ್ನು ನೆನೆದು ಇಳಿದೆ. ಮೊದಲ ಎರಡು ನಿಮಿಷ ಬಾವಿಯ ಬುದ್ಧಿಯೇ ಮೇಲಾಗಿ ಕಣ್ಣು ಮುಚ್ಚಿ ಉಸಿರು ಕಟ್ಟಿ ಕಾಲು ಬಡಿದೆ. ಆಮೇಲೆ ತೊಟ್ಟಿಯ ಅಭ್ಯಾಸ ನೆನಪಾಗಿ ಬಾಯಲ್ಲಿ ನಿಧಾನವಾಗಿ ಉಸಿರು ಎಳೆದುಕೊಂಡೆ, ಕಣ್ಣು ಬಿಟ್ಟೆ.

ಆ ನೋಟವನ್ನು ಹೇಳಲು ನನಗೆ ಬರುವುದಿಲ್ಲ. ಕೆಳಗೆ ಬಂಡೆಗಳ ಮೇಲೆ ಬಿಸಿಲು ಅಲ್ಲಾಡುತ್ತಿತ್ತು. ಕಪ್ಪು ಪಟ್ಟೆಯ ಹಳದಿ ಮೀನುಗಳು ಪ್ರಾರ್ಥನೆಗೆ ಸಾಲು ನಿಂತ ಮಕ್ಕಳ ಹಾಗೆ ಒಟ್ಟಿಗೆ ತಿರುಗುತ್ತಿದ್ದವು. ನೀಲಿ ಮೀನೊಂದು ಕಲ್ಲನ್ನು ಕಟಕಟ ಕಡಿಯುತ್ತಿತ್ತು, ಆ ಸದ್ದು ನನಗೆ ಕೇಳಿಸಿತು. ಇಷ್ಟು ವರ್ಷ ಪುಸ್ತಕದಿಂದ ಬೋರ್ಡಿಗೆ, ಬೋರ್ಡಿನಿಂದ ಪುಸ್ತಕಕ್ಕೆ ಎಳೆದಾಡಿದ ಪ್ರಾಣಿಗಳು ನನ್ನ ಹೊಟ್ಟೆಯ ಕೆಳಗೇ ಓಡಾಡುತ್ತಿದ್ದವು. ಖುಷಿಯಾಗಿ ಕೊಳವೆಯೊಳಗೇ ಅತ್ತೆ. ಅಷ್ಟಕ್ಕೇ ತೃಪ್ತಿಪಟ್ಟು ಬಂದಿದ್ದರೆ ನಾನು ಒಳ್ಳೆಯ ಹೆಂಗಸು. ಆದರೆ ನನಗೆ ಬೇಕಾದದ್ದು ಆಮೆ. ಕೊಟ್ಟದ್ದು ಮುಕ್ಕಾಲು ಗಂಟೆ. ಅರ್ಧ ಗಂಟೆ ಕಳೆದರೂ ಆಮೆಯ ಸುಳಿವಿಲ್ಲ. ನೋಟ್ಸಿನ ಆ ಸಾಲು ಕಣ್ಣಮುಂದೆ ಬಂತು. ಗೈಡು ಆಚೆ ತಿರುಗಿದ್ದಾಗ ಜಾಕೆಟ್ಟಿನೊಳಗೆ ಕೈ ಹಾಕಿ ಕವರನ್ನು ಬಿಚ್ಚಿದೆ.

ಮಂಡಕ್ಕಿ ಮುಳುಗುವುದಿಲ್ಲ ಎನ್ನುವುದು ವಿಜ್ಞಾನ ಶಿಕ್ಷಕಿಯ ತಲೆಗೆ ಹೊಳೆದಿರಲಿಲ್ಲ. ಅಷ್ಟೂ ತೇಲಿಕೊಂಡು ನನ್ನ ಸುತ್ತ ರಂಗೋಲಿಯ ಹಾಗೆ ಹರಡಿತು. ಒಂದೆರಡು ಮೀನು ಬಂದು ಬಾಯಿಗೆ ಹಾಕಿಕೊಂಡು ಉಗುಳಿ ಹೋದವು. ಅಲೆಯೊಂದಕ್ಕೆ ನಾಲ್ಕು ಕಾಳು ಕೊಳವೆಯೊಳಗೆ ಇಳಿದು ನನಗೆ ಕೆಮ್ಮು ಹತ್ತಿತು. ಕೆಮ್ಮಿಗೆ ಗೈಡು ತಿರುಗಿದ. ಈಜಿಕೊಂಡು ಬಂದು ಒಮ್ಮೆ ಮಂಡಕ್ಕಿಯನ್ನು, ಒಮ್ಮೆ ನನ್ನನ್ನು ನೋಡಿದ. ಬಯ್ದಿದ್ದರೆ ಚೆನ್ನಾಗಿತ್ತು.

"ಮೇಡಂ, ನೀವು ಟೀಚರ್ ಅಲ್ವಾ?" ಎಂದ ಅಷ್ಟೆ. ಆಮೇಲೆ ತಾನೇ ಒಂದೊಂದು ಕಾಳನ್ನೂ ಆರಿಸಿ ಮುಷ್ಟಿಯಲ್ಲಿ ಸೇರಿಸಲು ಶುರು ಮಾಡಿದ.

ನಾನೂ ಆರಿಸಿದೆ. ಮುಖ ಎತ್ತಲು ಧೈರ್ಯವಾಗದೆ, ಅರಬ್ಬಿ ಸಮುದ್ರದಲ್ಲಿ ತೇಲುತ್ತಾ, ನೆನೆದು ಮೆತ್ತಗಾದ ಮಂಡಕ್ಕಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಡಿದು ಕವರಿಗೆ ತುಂಬಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವಾಗಲೂ ನಾನು ಇಷ್ಟು ಶ್ರದ್ಧೆ ತೋರಿದವಳಲ್ಲ. ಒಂದು ಕಾಳನ್ನೂ ಬಿಡಬಾರದು ಎಂದು ಹಟ ಹಿಡಿದಿದ್ದೆ. ಆಗ ದೋಣಿಯ ಕಡೆಯಿಂದ ಗಿರಿಜಮ್ಮನವರ ಕೂಗು ಕೇಳಿಸಿತು. "ಹಿಂದೆ ನೋಡ್ರೀ, ನಿಮ್ ಹಿಂದೇನೇ ಐತೆ."

ಹಿಂದೆ ಇನ್ನಷ್ಟು ಮಂಡಕ್ಕಿ ಇದೆ ಎಂದುಕೊಂಡೆ. ಲೈಫ್ ಜಾಕೆಟ್ಟು ಹಾಕಿಕೊಂಡವರು ಬೇಗ ತಿರುಗುವುದು ಸಾಧ್ಯವಿಲ್ಲ. ಕೈಯಲ್ಲಿದ್ದ ಕಾಳನ್ನು ಕವರಿಗೆ ಹಾಕಿ, ಕವರಿನ ಬಾಯಿ ಹಿಡಿದು, ನಿಧಾನವಾಗಿ ತಿರುಗಿದೆ. ನಿಜ, ಅಲ್ಲಿ ಆರೇಳು ಕಾಳು ಇತ್ತು. ಅದನ್ನೂ ಆರಿಸಿದೆ. ದೋಣಿಯಲ್ಲಿ ಎಲ್ಲರೂ ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ದೋಣಿ ಹತ್ತಿದ ಮೇಲೆ ಗೊತ್ತಾಯಿತು. ಮೊರದಷ್ಟು ದೊಡ್ಡ ಕಡಲಾಮೆಯೊಂದು ನನ್ನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ ಎದ್ದು, ತಲೆ ಎತ್ತಿ, ಉಸಿರು ತೆಗೆದುಕೊಂಡು ಹೋಗಿತ್ತು. ಹತ್ತೂ ಜನ ನೋಡಿದ್ದರು. ನೀರಿಗೇ ಇಳಿಯದ, ದೋಣಿಯ ಅಂಚಿಗೆ ಅರ್ಧ ಪ್ರಾಣವಾಗಿ ನೇತಾಡುತ್ತಿದ್ದ ತಿಪ್ಪೇಶಪ್ಪನವರು ಫೋಟೋ ಕೂಡ ತೆಗೆದಿದ್ದರು. ಇನ್ನು ಐದು ನಿಮಿಷ ನೀರಿಗೆ ಬಿಡು ಎಂದು ಗೈಡನ್ನು ಕೇಳಬೇಕು ಅನ್ನಿಸಿತು. ಕೈಯಲ್ಲಿ ಮಂಡಕ್ಕಿಯ ಕವರು ಹಿಡಿದುಕೊಂಡು ಯಾವ ಬಾಯಲ್ಲಿ ಕೇಳಲಿ? ಹಿಂದಿರುಗುವ ದಾರಿಯಿಡೀ ನಾನು ತಲೆ ತಗ್ಗಿಸಿ ಕೂತಿದ್ದೆ. ನನಗೂ ದೋಣಿಯ ಓಲಾಟಕ್ಕೆ ಪಿತ್ತವೇರಿದೆ ಎಂದುಕೊಂಡು ಗಿರಿಜಮ್ಮನವರು ನಿಂಬೆಹಣ್ಣು ಕೊಟ್ಟರು.

ಊರಿಗೆ ಬಂದು ಎರಡು ದಿನ ಯೋಚಿಸಿ ತೀರ್ಮಾನಕ್ಕೆ ಬಂದೆ. ನೋಡುವುದಂತೂ ಆಗಲಿಲ್ಲ, ಇನ್ನು ಒಪ್ಪಿಕೊಳ್ಳುವುದು. ರಜೆ ಮುಗಿದ ಮೊದಲ ದಿನ ಏನು ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಹೋದೆ. ಶಾಲೆಯ ಬಾಗಿಲಲ್ಲೇ ನೋಟೀಸ್ ಬೋರ್ಡಿನ ಮುಂದೆ ಗುಂಪು ಸೇರಿತ್ತು. ತಿಪ್ಪೇಶಪ್ಪನವರು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸುತ್ತ ಬಳ್ಳಿ ಬಿಡಿಸಿ ಅಂಟಿಸಿದ್ದರು. ಮುಂದೆ ನಾನು, ಕೈ ಚಾಚಿ ನೀರಿನಿಂದ ಏನನ್ನೋ ಎತ್ತುತ್ತಿದ್ದೇನೆ. ಹಿಂದೆ ಆಮೆ. ನೋಡಿದವರಿಗೆ ನಾನು ಅದನ್ನು ಕೈಬೀಸಿ ಕರೆದು ಆಟವಾಡಿಸುತ್ತಿರುವ ಹಾಗೆ ಕಾಣುತ್ತದೆ.

ಆದರೂ ಬಿಡಲಿಲ್ಲ. ಒಂಬತ್ತನೇ ಕ್ಲಾಸಿಗೆ ಹೋಗಿ ಬಾಗಿಲು ಹಾಕಿ, ಮೇಜಿನ ಅಂಚು ಹಿಡಿದುಕೊಂಡು ಹೇಳಿದೆ. ನಾನು ಕಡಲಾಮೆಯನ್ನು ನೋಡಿಲ್ಲ, ಮೊದಲೂ ನೋಡಿರಲಿಲ್ಲ, ಮೊನ್ನೆಯೂ ನೋಡಲಿಲ್ಲ, ನಿಮಗೆ ಸುಳ್ಳು ಹೇಳಿದ್ದೆ, ತಪ್ಪಾಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಕ್ಕರು. ಮಿಸ್ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಯಾರೋ ಪಿಸುಗುಟ್ಟಿದರು. ನಾನು ಮತ್ತೆ ಹೇಳಿದೆ. ಮೂರನೇ ಸಲ ಹೇಳುವಾಗ ಚೈತ್ರಾ ಎದ್ದು ನಿಂತಳು.

"ಆಮೆ ನೂರು ವರ್ಷ ಬದುಕ್ತೈತೆ ಅಂತ ನೀವೇ ಹೇಳಿದ್ರಲ್ಲ ಮಿಸ್. ಇದು ಅವತ್ತಿಂದೇ. ನಿಮ್ಮನ್ನ ಗುರುತು ಹಿಡ್ದು ಮತ್ತೆ ಬಂದೈತೆ."

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಅವಳು ಕೂತು, ಪುಸ್ತಕ ತೆಗೆದು, ಅದನ್ನೂ ಬರೆದುಕೊಂಡಳು. ಈ ವಾರ ನೋಟ್ಸು ತಿದ್ದಲು ಬರುತ್ತದೆ, ಆ ಸಾಲಿಗೆ ರೈಟು ಹಾಕಬೇಕೋ ತಪ್ಪು ಹಾಕಬೇಕೋ ನನಗೆ ಇನ್ನೂ ತಿಳಿದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ನೋಟೀಸ್ ಬೋರ್ಡಿನ ಮುಂದೆ ಒಬ್ಬಳೇ ನಿಂತು ಕನ್ನಡಕ ಏರಿಸಿ ಫೋಟೋ ನೋಡಿದೆ. ಆಮೆಯ ಕಣ್ಣು ಸ್ಪಷ್ಟವಾಗಿ ಕಾಣುತ್ತದೆ, ಅದು ನೆಟ್ಟಗೆ ನನ್ನನ್ನೇ ನೋಡುತ್ತಿದೆ. ನಾಳೆ ಅದು ಕಡಲೊಳಗೆ ತನ್ನ ಮಕ್ಕಳನ್ನು ಕೂರಿಸಿಕೊಂಡು, ನಾನೊಬ್ಬ ವಿಜ್ಞಾನ ಶಿಕ್ಷಕಿಯನ್ನು ಕಣ್ಣಾರೆ ನೋಡಿದ್ದೇನೆ ಎಂದು ಪಾಠ ಮಾಡಿದರೆ, ಅದು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ.