ಕೂಲರ್ ತರಲು ಹೋಗಿ ಕಟ್ಟಿಗೆ ತಂದ ಮಾವ

ನಮ್ಮ ಸೋದರಮಾವನಿಗೆ ಕಟ್ಟಿಗೆಯ ಹುಚ್ಚು. ಹೀಗೆಂದ ಕೂಡಲೇ ನೀವು ಅವನನ್ನು ಸಾಮಿಲ್ಲಿನ ಮಾಲೀಕನೆಂದೋ, ಮನೆಗೆಲ್ಲ ತೇಗದ ಬಾಗಿಲು ಹಾಕಿಸುವ ಶೋಕಿಯವನೆಂದೋ ತಿಳಿದರೆ ತಪ್ಪು ನಿಮ್ಮದಲ್ಲ. ನಾನೇ ಎಷ್ಟೋ ಜನರನ್ನು ಹಾಗೆ ನಂಬಿಸಿದ್ದೇನೆ. ಇನ್ನೇನು ಮಾಡಲಿ? ಮಧ್ಯಾಹ್ನ ಕಾಗೆಯೂ ಹೊರಗೆ ಬರಲು ಯೋಚಿಸುವ ಈ ಬಳ್ಳಾರಿಯಲ್ಲಿ ಅರವತ್ತು ದಾಟಿದ ಮನುಷ್ಯ ಗಾಲ್ಫ್ ಆಡುತ್ತಾನೆ ಎಂದು ಯಾವ ಬಾಯಿಂದ ಹೇಳಲಿ!

ಅದೂ ಸಾದಾ ಗಾಲ್ಫ್ ಅಲ್ಲ. ಆ ಆಟದಲ್ಲಿ ಫೇರ್‌ವೇ ವುಡ್ ಎಂಬ ಉದ್ದನೆಯ ಕೋಲೊಂದಿದೆ. ನೆಲದ ಮೇಲೆ ಬಿದ್ದ ಚೆಂಡನ್ನು ಒಂದೇ ಏಟಿಗೆ ಬಲುದೂರ ಕಳಿಸಲು ಅದು. ಹವ್ಯಾಸಿಗಳು ಅದರ ತಂಟೆಗೇ ಹೋಗಬಾರದು, ಅದು ಹೇಳಿದ ಮಾತು ಕೇಳುವುದಿಲ್ಲ ಎನ್ನುತ್ತಾರೆ ಬಲ್ಲವರು. ಮೊಬೈಲಿನಲ್ಲಿ ಯಾರೋ ಹೀಗೆ ಹೇಳಿದ್ದನ್ನು ಕೇಳಿದ ದಿನ ಮಾವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಹವ್ಯಾಸಿ ಅಂತ ಯಾರಿಗೆ ಅಂದ ಇವ? ನನಗಾ?" ಎಂದು ಮೊಬೈಲಿಗೇ ಗದರಿದ. ನ್ಯಾಯವಾಗಿ ನೋಡಿದರೆ ಮಾವನ ಮಾತು ಸರಿ. ಅವನದು ಹವ್ಯಾಸವಲ್ಲ, ಕಾಯಿಲೆ!

ಈ ಕಾಯಿಲೆ ಅಂಟಿದ್ದು ಒಂದು ಮೇ ತಿಂಗಳಲ್ಲಿ. ಸಿರುಗುಪ್ಪದ ನೀರಾವರಿ ಕಚೇರಿಯಿಂದ ಆಗಷ್ಟೇ ನಿವೃತ್ತನಾಗಿದ್ದ ಮಾವ ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಫ್ಯಾನನ್ನೇ ನೋಡುತ್ತಿದ್ದ. ಗಣಿ ಕಂಪನಿಯ ಸಾಹೇಬರೊಬ್ಬರು ವರ್ಗವಾಗಿ ಹೊರಟಿದ್ದಾರೆ, ಮನೆಸಾಮಾನು ಮಾರುತ್ತಿದ್ದಾರೆ ಎಂಬ ಸುದ್ದಿ ಬಂತು. ಒಂದು ಕೂಲರ್ ತನ್ನಿರೆಂದು ಅತ್ತೆ ಅವನನ್ನು ಕಳಿಸಿದಳು. ಕರೆದೊಯ್ದವಳು ನಾನೇ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಹತ್ತಿರ ಕಾರೊಂದಿದೆ. ಹಾಗಾಗಿ ಮಾವನ ಎಲ್ಲ ಅಪರಾಧಗಳಲ್ಲಿ ನನ್ನದೂ ಪಾಲಿದೆ. ಕೂಲರನ್ನು ನಾವು ತಲುಪುವ ಮೊದಲೇ ಯಾರೋ ಒಯ್ದಿದ್ದರು. ಮೂಲೆಯಲ್ಲಿ ಕೋಲು ತುಂಬಿದ ಚರ್ಮದ ಚೀಲವೊಂದು ಒರಗಿ ನಿಂತಿತ್ತು. ಮಾವ ಅದನ್ನು ನೋಡಿದ. ಅಲ್ಲಿಗೆ ಮುಗಿಯಿತು!

ನೆತ್ತಿಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ ಅತ್ತೆ ಆ ಚೀಲವನ್ನು ಸುತ್ತಲೂ ತಿರುಗಿ ನೋಡಿದಳು. ಆಮೇಲೆ ಬಹಳ ಶಾಂತವಾಗಿ ಕೇಳಿದಳು.

"ರೀ, ಇದಕ್ಕ ನೀರು ಎಲ್ಲಿ ಹಾಕಬೇಕು?"

"ಇದು ಕೂಲರ್ ಅಲ್ಲಬೇ. ಇದ್ರಾಗ ವುಡ್ ಅದಾವು."

"ಅಂದ್ರ?"

"ಕಟ್ಟಿಗಿ."

"ಮನ್ಯಾಗ ಗ್ಯಾಸ್ ಐತಿ. ಕಟ್ಟಿಗಿ ಯಾಕ ತಂದ್ರಿ?"

ಅಂದಿನಿಂದ ಅತ್ತೆ ಆ ಕಟ್ಟಿಗೆಯ ಬದ್ಧ ವೈರಿ. ಅದರ ಮೇಲೆ ಒದ್ದೆ ಬಟ್ಟೆ ಒಣಹಾಕಿದಳು, ಅದರಿಂದ ಹಲ್ಲಿ ಓಡಿಸಿದಳು, ಜೇಡರ ಬಲೆ ತೆಗೆದಳು. ಹಂಡೆಯ ಒಲೆಗೆ ಹಾಕುತ್ತೇನೆಂದು ವಾರಕ್ಕೊಮ್ಮೆಯಾದರೂ ಹೆದರಿಸುತ್ತಿದ್ದಳು.

ಆದರೆ ಹಾಕಿದ್ದರೂ ಅದು ಉರಿಯುತ್ತಿರಲಿಲ್ಲ! ಏಕೆಂದರೆ ಈಗಿನ ವುಡ್‌ಗಳ ತಲೆ ಕಟ್ಟಿಗೆಯದಲ್ಲ, ಲೋಹದ್ದು. ಹೆಸರು ಮಾತ್ರ ಹಳೆಯದು ಉಳಿದಿದೆ. ಈ ಸತ್ಯ ಗೊತ್ತಾದಾಗ ಮಾವನಿಗೆ ತನಗೆ ಯಾರೋ ಟೋಪಿ ಹಾಕಿದಂತಾಯಿತು. "ವುಡ್ ಅಂತ ಹೇಳಿ ತಗಡು ಕೊಟ್ಟಾರ! ಇದು ಕಲಬೆರಕಿ ಅಲ್ಲೇನು?" ಎಂದು ನನ್ನನ್ನು ಹೊರಡಿಸಿಕೊಂಡು ನೇರ ಕುರುಗೋಡಿಗೆ ಹೋದ. ಅಲ್ಲಿ ಅವನಿಗೆ ಪರಿಚಯದ ಬಡಿಗನೊಬ್ಬನಿದ್ದ. ಅಪ್ಪಟ ಜಾಲಿ ಕಟ್ಟಿಗೆಯ ಕೋಲು ಬೇಕೆಂದೂ, ಬುಡ ಹೀಗೆ ದುಂಡಗೆ ಬಾಗಿರಬೇಕೆಂದೂ ಮಾವ ಕೈಯಲ್ಲಿ ತೋರಿಸಿದ.

ಬಡಿಗ ತಲೆ ಕೆರೆದುಕೊಂಡ. "ಎತ್ತಿಗೇನ್ರಿ, ಕೋಣಕ್ಕೇನ್ರಿ?"

"ಚೆಂಡಿಗೆ."

"ಚೆಂಡು ಹೂಡಿ ಎಂಥ ಹೊಲ ಹೊಡೀತೀರ್ರಿ?"

ಅಂತೂ ಜಾಲಿಯ ವುಡ್ ಸಿದ್ಧವಾಯಿತು. ಎತ್ತಲು ಎರಡು ಕೈ ಸಾಲದು, ಅಷ್ಟು ಭಾರ. ಮೊದಲ ಪ್ರಯೋಗಕ್ಕೆ ನಾನೇ ಸಾಕ್ಷಿ. ಮಾವ ಉಸಿರು ಬಿಗಿಹಿಡಿದು ಬೀಸಿದ. ಫಟ್ ಎಂದಿತು. ಚೆಂಡು ಇದ್ದಲ್ಲೇ ಇತ್ತು. ಕೋಲಿನ ತಲೆ ಮಾತ್ರ ಕಿತ್ತುಕೊಂಡು ಹಾರಿ, ಎರಡು ಬದು ದಾಟಿ, ಗುಂಡಿಯ ಬಾವುಟದ ಬುಡಕ್ಕೇ ಹೋಗಿ ಬಿತ್ತು. ಮಾವ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಆಹಾ! ದೂರ ನೋಡಿದಿಯೇನಬೇ!" ಎಂದ. ಬೇಸರವೆಂಬುದು ಅವನ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಮರುದಿನ ಮತ್ತೆ ತಗಡಿನ ವುಡ್‌ಗೇ ಶರಣಾದ.

ಬಾವುಟ ಎಂದೆನಲ್ಲ, ಆ ಮೈದಾನದ ವಿಷಯ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ. ಮಾವನ ಶಾಲೆಯ ಗೆಳೆಯನೊಬ್ಬ ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲಿನ ಸಾಹುಕಾರ. ಅವನಿಗೂ ಎಲ್ಲೋ ಪರವೂರಿನಲ್ಲಿ ಈ ಆಟದ ರುಚಿ ಹತ್ತಿತ್ತು. ಹಚ್ಚೊಳ್ಳಿಯಲ್ಲಿ ಕಾಲುವೆ ಪಕ್ಕದ ಅವನ ಹೊಲದಲ್ಲಿ, ಒಂದು ಭತ್ತ ಕೊಯ್ದು ಇನ್ನೊಂದಕ್ಕೆ ನೀರು ಬಿಡುವ ತನಕ, ಭಾನುವಾರಗಳಂದು ಇವರಿಬ್ಬರ ಗಾಲ್ಫ್. ಹಾರೆಯಿಂದ ತೋಡಿದ ಗುಂಡಿಗಳು, ಅಕ್ಕಿ ಚೀಲ ಹರಿದು ಮಾಡಿದ ಬಾವುಟಗಳು. ಹುಲ್ಲುಹಾಸಿನ ಬದಲು ಕೊಯ್ದುಳಿದ ಭತ್ತದ ಕೂಳೆ.

ಸಾಹುಕಾರ ಬುದ್ಧಿವಂತ ಆಟಗಾರ. ಏಳನೇ ನಂಬರಿನ ಕಬ್ಬಿಣದ ಕೋಲಿನಿಂದ ಮೆಲ್ಲಗೆ ಎರಡು ಸಲ ಹೊಡೆದು ಬಾವುಟದ ಹತ್ತಿರ ಹೋಗಿ ನಿಂತಿರುತ್ತಿದ್ದ. ಮಾವ ಒಂದೇ ಸಲಕ್ಕೆ ಹೋಗಲು ವುಡ್ ಬೀಸುತ್ತಿದ್ದ. ಆಮೇಲೆ ಇಬ್ಬರೂ ಸೇರಿ ಚೆಂಡು ಹುಡುಕುತ್ತಿದ್ದರು.

"ಲೇ, ಎರಡು ಏಟಿಗೆ ಆರಾಮ ಹೋಗೋದು ಬಿಟ್ಟು ಆ ದರಿದ್ರ ಕಟ್ಟಿಗಿ ಯಾಕ ಹೊತ್ಕೊಂಡು ಬರ್ತಿ?" ಎನ್ನುತ್ತಿದ್ದ ಸಾಹುಕಾರ.

"ಬಳ್ಳಾರಿಗೆ ಡೈರೆಕ್ಟ್ ಬಸ್ ಇದ್ದಾಗ ಕುರುಗೋಡಿನ್ಯಾಗ ಇಳಿದು ಯಾರ್ ಬಸ್ ಬದಲಿ ಮಾಡ್ತಾರಲೇ?"

"ನಿನ್ನ ಡೈರೆಕ್ಟ್ ಬಸ್ಸು ಬಳ್ಳಾರಿ ಬೋರ್ಡ್ ಹಾಕ್ಕೊಂಡು ಆದೋನಿಗೆ ಹೋಗಿ ನಿಂದ್ರತೈತಿ!"

ಒಮ್ಮೆ ಮಾತ್ರ ಮಾವ ನಗದೆ ಉತ್ತರ ಕೊಟ್ಟ. "ನೌಕರಿ ಪೂರಾ ಕಾಲುವಿ ಗೇಟಿನ್ಯಾಗ ಅಳತಿ ನೋಡಿ ನೋಡಿ ನೀರು ಬಿಟ್ಟೀನಿ. ಇನ್ನ ಒಂದಾದ್ರೂ ಅಳತಿ ಮೀರಿ ಹೋಗ್ಲಿ ಬಿಡಲೇ." ನಾನು ನೀರಿನ ಬಾಟಲಿ ತೆಗೆದು ಇಬ್ಬರಿಗೂ ಕೊಟ್ಟೆ.

ಮುಂದಿನ ವಾರವೇ ಒಂದು ಏಟು ನಿಜವಾಗಿಯೂ ಅಳತೆ ಮೀರಿತು. ಮಾವ ವುಡ್ ಬೀಸಿದ ಹೊತ್ತಿಗೆ ರಸ್ತೆಯಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ಹೊರಟಿತ್ತು. ಚೆಂಡು ನೇರ ಅದರ ಟ್ರೇಲರಿನಲ್ಲಿ ಹೂತುಹೋಗಿ ಭತ್ತದ ಜೊತೆ ಸಿರುಗುಪ್ಪಕ್ಕೆ ಪ್ರಯಾಣ ಮಾಡಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆ ಟ್ರ್ಯಾಕ್ಟರ್ ಹೋದದ್ದು ಇದೇ ಸಾಹುಕಾರನ ಮಿಲ್ಲಿಗೆ! ಚೆಂಡು ಯಂತ್ರದಲ್ಲಿ ಸಿಕ್ಕಿಕೊಂಡು, ಏನೋ ಕಟಕಟ ಎಂದು, ಮಿಲ್ಲು ನಿಂತಿತು. ಯಂತ್ರ ಬಿಚ್ಚಿದರೆ ಒಳಗೆ ಮಾವನ ಚೆಂಡು.

ಸಾಹುಕಾರ ಅದನ್ನು ಹಿಡಿದುಕೊಂಡು ಪಾರ್ವತಿನಗರಕ್ಕೇ ಬಂದ. ಮಾವ ಕುರ್ಚಿಯಿಂದ ಜಿಗಿದೆದ್ದ. "ಹಚ್ಚೊಳ್ಳ್ಯಾಗ ಹೊಡೆದ್ರ ಸಿರುಗುಪ್ಪದಾಗ ಬಿತ್ತಾ! ಜಗತ್ತಿನ್ಯಾಗ ಯಾರ್ರ ಇಷ್ಟು ದೂರ ಹೊಡೆದಾರೇನಲೇ?"

ಸಾಹುಕಾರನಿಗೆ ನಗು ಬರಲಿಲ್ಲ. "ಸಾಕು. ಬರೋ ಭಾನುವಾರ ಕಾಲುವಿ ದಂಡಿ ಮ್ಯಾಲೆ ನಿಂತು ಒಂದೇ ಏಟು. ಚೆಂಡು ಕಾಲುವಿ ದಾಟಿದ್ರ ಕಟ್ಟಿಗಿ ಇಟ್ಕೋ. ದಾಟಲಿಲ್ಲಂದ್ರ ನನ್ನ ಹೊಲಕ್ಕ ಅದನ್ನ ತರಾಂಗಿಲ್ಲ."

"ಅದು ಬರಾಂಗಿಲ್ಲಂದ್ರ ನಾನೂ ಬರಾಂಗಿಲ್ಲ," ಎಂದುಬಿಟ್ಟ ಮಾವ.

ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು. ಮಾತಿನಿಂದ ಹಿಂದೆ ಸರಿಯುವವನಲ್ಲ, ಮಹಾ ಹಟಮಾರಿ. ಆದರೆ ನಿವೃತ್ತಿಯ ನಂತರ ಅವನು ಸೋಮವಾರದಿಂದ ಶನಿವಾರದ ತನಕ ದಿನ ದೂಡುತ್ತಿದ್ದದ್ದೇ ಆ ಭಾನುವಾರಕ್ಕಾಗಿ. ಅದೂ ಹೋದರೆ ಮತ್ತೆ ಫ್ಯಾನು ನೋಡುತ್ತ ಕೂರುವುದೇ ಗತಿ ಎಂದು ನಮಗೆಲ್ಲ ಗೊತ್ತಿತ್ತು.

ಆ ವಾರವಿಡೀ ಮಾಳಿಗೆಯ ಮೇಲೆ ಅಭ್ಯಾಸ ನಡೆಯಿತು. ಚೆಂಡು ಹೊಡೆದರೆ ನೆರೆಮನೆಯ ಗಾಜು ಒಡೆದೀತೆಂದು ಮಾವ ಸಣ್ಣ ಸಣ್ಣ ಉಳ್ಳಾಗಡ್ಡಿ ಹೊಡೆದ. ಬುಟ್ಟಿ ಖಾಲಿಯಾದದ್ದು ಅತ್ತೆಗೆ ಗೊತ್ತಾದದ್ದು ಬುಧವಾರ. "ನಮ್ಮ ಮನ್ಯಾಗ ಒಗ್ಗರಣಿಗೆ ಒಂದು ಉಳ್ಳಾಗಡ್ಡಿ ಇಲ್ಲ, ಬಾಜೂ ಮನಿಯವರು ಮೂರು ದಿನದಿಂದ ಬಜಿ ಮಾಡಿದ್ದೇ ಮಾಡಿದ್ದು!" ಎಂದು ಕೂಗಾಡಿದಳು. ಬಾಜೂ ಮನೆಯವರು ಸಜ್ಜನರು, ಸಂಜೆ ಒಂದು ತಟ್ಟೆ ಬಜಿ ಕಳಿಸಿಕೊಟ್ಟರು.

ಭಾನುವಾರ ಬೆಳಿಗ್ಗೆ ಎಂದೂ ಇಲ್ಲದೆ ಅತ್ತೆಯೂ ಬಂದು ಕಾರಿನಲ್ಲಿ ಕುಳಿತಳು. "ಆ ಕಟ್ಟಿಗಿ ಮಣ್ಣಾಗೋದನ್ನ ನಾ ಕಣ್ಣಾರೆ ನೋಡಬೇಕು." ಮೊಣಕಾಲು ನೋವಿನಿಂದ ಮಾಳಿಗೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟವಳು ಇಷ್ಟು ದೂರ ಹೊರಟಳೆಂದರೆ ಅವಳ ಹಗೆ ಎಂಥದಿರಬೇಕು!

ಹೊಲ ತಲುಪಿದ ಮೇಲೆ ಅವಳು ಬದುವಿನ ಮೇಲೆ ಕುಳಿತು ಗಂಡನನ್ನು ನೋಡಿದಳು. ಮಾವ ಪ್ಯಾಂಟು ಮಡಚಿಕೊಂಡು ಕೂಳೆಯಲ್ಲಿ ದಾಪುಗಾಲು ಹಾಕುತ್ತಿದ್ದ. ಸಾಹುಕಾರನ ಬೆನ್ನಿಗೆ ಗುದ್ದಿ ಏನೋ ಹೇಳಿ ಗಹಗಹಿಸುತ್ತಿದ್ದ. ಅತ್ತೆ ನನ್ನ ಕಡೆ ವಾಲಿ ಸಣ್ಣ ದನಿಯಲ್ಲಿ ಕೇಳಿದಳು: "ಇವರು ಇಲ್ಲಿ ಹಿಂಗ ನಗ್ತಾರೇನಬೇ?"

"ಹೂಂ ಅತ್ತಿ. ಪ್ರತಿ ವಾರ."

ಮಾವ ದಂಡೆಯ ಮೇಲೆ ನಿಂತ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ವುಡ್ ಎತ್ತಿದ, ಬೀಸಿದ. ಚೆಂಡು ಚೆನ್ನಾಗಿಯೇ ಎದ್ದಿತು. ಎದ್ದು, ಅರ್ಧ ದಾರಿಯಲ್ಲಿ ಏನೋ ಮರೆತವರ ಹಾಗೆ ಬಲಕ್ಕೆ ತಿರುಗಿ, ಈಚೆ ದಂಡೆಯ ಮೆಣಸಿನಕಾಯಿ ಹೊಲದಲ್ಲಿ ಬಿತ್ತು. ನಾನು ನೋಡಿದೆ, ಸಾಹುಕಾರ ನೋಡಿದ, ಮಾವನೂ ನೋಡಿದ.

ಗೆದ್ದ ಸಾಹುಕಾರನೇ ತಲೆ ತಗ್ಗಿಸಿ ನಿಂತಿದ್ದ. ಮಾವ ಟವೆಲಿನಿಂದ ವುಡ್ಡನ್ನು ನಿಧಾನವಾಗಿ ಒರೆಸಿ ಅವನ ಕೈಗೆ ಕೊಟ್ಟ. "ಹಿಡಿಯಲೇ. ಮಾತಂದ್ರ ಮಾತು." ನಗಲು ನೋಡಿದ, ಆಗಲಿಲ್ಲ.

ಅತ್ತೆಯ ಕಡೆ ತಿರುಗಿದರೆ ಬದುವಿನ ಮೇಲೆ ಅವಳಿಲ್ಲ. ಮೆಣಸಿನಕಾಯಿ ಹೊಲದಲ್ಲಿ ಬಗ್ಗಿದ ಬೆನ್ನೊಂದು ಕಾಣಿಸಿತು. ಎದ್ದಳು. ಏನನ್ನೋ ಸೆರಗಿನೊಳಗೆ ಹಾಕಿಕೊಂಡು, ನಮ್ಮ ಕಡೆ ನೋಡದೆ, ಕಾಲುವೆಯ ಗುಂಟ ನಡೆಯತೊಡಗಿದಳು. ಅಷ್ಟು ದೂರದ ಸೇತುವೆಯ ತನಕ ಒಂದು ಕಾಲು ಎಳೆಯುತ್ತ ಹೋದಳು, ದಾಟಿದಳು, ಆಚೆ ದಂಡೆಯ ಮೇಲೆ ಅಷ್ಟೇ ದೂರ ವಾಪಸು ಬಂದು ನಮ್ಮೆದುರಿಗೆ ನಿಂತಳು. ಬಗ್ಗಿ, ಹುಲ್ಲಿನಲ್ಲಿ ಕೈಯಾಡಿಸಿ, ಎದ್ದು ಕೈ ಮೇಲೆತ್ತಿದಳು.

"ಸಿಕ್ತ್ರೀ! ಇಲ್ಲಿ ಬಿದ್ದೈತಿ ನೋಡ್ರಿ ನಿಮ್ಮ ಚೆಂಡು! ದಾಟೈತಿ!"

ಸಾಹುಕಾರ ಮೆಣಸಿನಕಾಯಿ ಹೊಲ ನೋಡಿದ, ಅತ್ತೆಯನ್ನು ನೋಡಿದ. "ತಂಗೆವ್ವಾ, ದಾಟಿದ್ದು ನೀ ನೋಡಿದಿಯೇನು?"

"ಮತ್ತೇನು! ನಿಮಗ ಕಣ್ಣಿಲ್ಲೇನಣ್ಣಾ?"

ದೇವರ ಪಟದ ಮುಂದೆ ದೀಪ ಹಚ್ಚದೆ ನೀರೂ ಮುಟ್ಟದವಳು, ಒಂದು ಸಣ್ಣ ಸುಳ್ಳಿಗೆ ನಮ್ಮನ್ನು ಇಡೀ ದಿನ ಬಯ್ಯುವವಳು, ಕಾಲುವೆಯಾಚೆ ನಿಂತು ಗಂಟಲು ಹರಿದುಕೊಂಡು ಸುಳ್ಳು ಹೇಳುತ್ತಿದ್ದಳು! ನನ್ನ ಕಣ್ಣು ತುಂಬಿಬಂತು.

ಸಾಹುಕಾರ ಮಾವನ ಕಡೆ ತಿರುಗಿದ. "ಬಿಸಲಾಗ ನನಗ ಸರಿ ಕಾಣಲಿಲ್ಲಲೇ. ತಂಗೆವ್ವ ಅಂದ ಮ್ಯಾಲೆ ದಾಟಿದ್ದು ಖರೆ." ಹಾಗೆಂದು ವುಡ್ಡನ್ನು ಮಾವನ ಕೈಗೆ ವಾಪಸು ಕೊಟ್ಟ.

ಮಾವ ಅದನ್ನು ಹಿಡಿದುಕೊಂಡೇ ಸೇತುವೆಯ ಕಡೆ ಬಿರಬಿರನೆ ನಡೆದ. ಅತ್ತೆ ಅಲ್ಲಿ ತನಕ ಬಂದು ಕಟ್ಟೆಗೆ ಒರಗಿ ಮೊಣಕಾಲು ನೀವಿಕೊಳ್ಳುತ್ತಿದ್ದಳು. ಮಾವ ವುಡ್ಡನ್ನು ತಲೆಕೆಳಗು ಮಾಡಿ ಅದರ ದುಂಡು ಬುಡವನ್ನು ಅವಳ ಅಂಗೈಗೆ ಕೊಟ್ಟ, ಇನ್ನೊಂದು ಕೈಯನ್ನು ತಾನು ಹಿಡಿದುಕೊಂಡ. ಅದನ್ನು ಊರಿಕೊಂಡು ಅವಳು ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಹತ್ತಿರ ಬಂದಾಗ ಅವರ ಮಾತು ಕೇಳಿಸಿತು.

"ಸುಳ್ಳು ಹೇಳಾಕ ಯಾವಾಗ ಕಲ್ತಿಬೇ?"

"ಸುಮ್ನ ನಡೀರಿ. ಬರೋ ವಾರ ಸ್ವಲ್ಪ ಎಡಕ್ಕ ತಿರುಗಿ ನಿಂತು ಹೊಡೀರಿ."