ಉಣ್ಣೆ ಬೂಟಿನ ಮುತ್ಯಾ

ಸುಜಾತಾಳ ಪಾಡಿಗೆಲ್ಲ ಕಾರಣ ಒಂದು ಎಡಗಾಲಿನ ಬೂಟು. ರಷ್ಯಾದಲ್ಲಿ ಡಾಕ್ಟರಿಕೆ ಓದಿ ಬಂದ ಪಕ್ಕದ ಮನೆಯ ಸ್ವಪ್ನಿಲ ಬಿಸಾಕಿದ್ದ ಉಣ್ಣೆಯ ಬೂಟು ಅದು. ಕತ್ತರಿ ಇಡಲು ಆದೀತೆಂದು ಅವಳು ಎತ್ತಿಕೊಂಡು ಬಂದರೆ, ಒಳಗೆ ಗೇಣುದ್ದದ ಮುದುಕ ಕೂತಿದ್ದ. ಗಡ್ಡವೇ ಮೊಳದುದ್ದ.

"ನಾ ದೊಮೊವೊಯ್. ಮನಿ ಕಾಯಾಂವ" ಅಂದ.

ಅಜ್ಜನಂತಿದ್ದ ಅವನನ್ನು ಸುಜಾತಾ ಮುತ್ಯಾ ಎಂದು ಕರೆದಳು. ಬಸವಕಲ್ಯಾಣದ ಟೇಲರ್ ಅಂಗಡಿಯಲ್ಲಿ ಆರು ವರ್ಷದಿಂದ ಅವಳದು ಹುಕ್ಕು ಹಚ್ಚುವ ಕೆಲಸ. ಹೊಲಿಗೆ ಹಾಕಿದರೆ ಕಬ್ಬಿನ ಟ್ರ್ಯಾಕ್ಟರ್ ಕೆಸರಲ್ಲಿ ಹೋದ ಹಾಗೆ ಇರುತ್ತಿತ್ತು. ಬಟ್ಟಲು ಹಾಲಿಟ್ಟು ಮಧ್ಯಾಹ್ನ ಮಲಗಿದರೆ ಮುತ್ಯಾ ಬ್ಲೌಸ್ ಹೊಲಿದಿಡುತ್ತಿದ್ದ. ಅದನ್ನು ನೋಡಿ ನೋಡಿ ತಾನೇ ಹೊಲಿದೆನೆಂಬ ಧೈರ್ಯ ಬಂದು, ಸ್ವಂತ ಅಂಗಡಿ ಇಡಲು ಹುಮನಾಬಾದಿನಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಳು. ಮೊದಲ ಗಿರಾಕಿ ರತ್ನಮಾಲಾ. ಖೋಲಿಗೆ ಬರುವ ದಿನವೇ ಸಂಜೆ ಅವಳ ನಿಶ್ಚಯ; ಅದರ ಬ್ಲೌಸ್ ಸರಿಯಾದರೆ ಮದುವೆಯ ಹನ್ನೊಂದು ಬ್ಲೌಸೂ ಸುಜಾತಾಳಿಗೇ.

"ಬೂಟಿನ್ಯಾಗ ಕರೀ, ಬರ್ತೀನಿ" ಅಂದಿದ್ದ ಮುತ್ಯಾ. "ಆದ್ರ ಬೂಟು ಯಾರ ಒಲಿ ಬಾಜೂಕ ಇಳೀತದೋ ಅದೇ ನನ್ನ ಮನಿ."

ಬೂಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಮುಂಜಾನೆಯ ಬಸ್ಸಿಳಿದು ಹೊಸ ಮನೆಯ ಹೊಸ್ತಿಲಿಗೆ ಬಂದಳು. ಮಾಲಕಿ ರುಕ್ಮಿಣಿಬಾಯಿ ಬಾಗಿಲಿಗೇ ನಿಂತಿದ್ದರು. "ಕಾಲಾಗಿಂದು ಎಲ್ಲಾ ಹೊರಗ ಬಿಡವಾ. ಕಂಕುಳಾಗ ಏನದು ಗಂಟು?"

ಬೂಟು ಅಂದರೆ ಅದೂ ಹೊರಗೇ. ಸುಜಾತಾಳ ಬಾಯಿಂದ ಜಾರಿತು: "ನಾವು ಪೂಜಿ ಮಾಡೂ ಹಿರೇರು ಅದಾರ್ರಿ."

"ಅಯ್ಯ, ಹಿರೇರಿಗೆ ಒಲಿ ಇಲ್ಲದ ಖೋಲಿ ಏನ್ ಛಂದ?" ಎಂದು ಎದುರುಮನೆಯ ವಿದ್ಯಾವತಿ ಕಿಟಕಿಯಿಂದಲೇ ತೀರ್ಪು ಕೊಟ್ಟಳು. ರುಕ್ಮಿಣಿಬಾಯಿ ಗಂಟು ಕಸಿದುಕೊಂಡು ತಮ್ಮ ಅಡುಗೆಮನೆಗೆ ನಡೆದರು. ಒಲೆಯ ಪಕ್ಕ ಮಣೆ ಹಾಕಿ ಕೂರಿಸಿ, ಕುಂಕುಮ ಇಟ್ಟು ಕೈಮುಗಿದರು.

"ಅದು ಬೂ..." ಎಂದ ಸುಜಾತಾ ಉಳಿದದ್ದನ್ನು ನುಂಗಿದಳು. ಕುಂಕುಮ ಬಿದ್ದ ಮೇಲೆ ಹೇಳಿದರೆ ಖೋಲಿಯೂ ಉಳಿಯದು, ಬೆನ್ನೂ ಉಳಿಯದು.

ಮಧ್ಯಾಹ್ನ ರುಕ್ಮಿಣಿಬಾಯಿ ಮಲಗಿದಾಗ ಅಡುಗೆಮನೆಯ ಕಿಟಕಿಗೆ ಹೋಗಿ ಪಿಸುಗುಟ್ಟಿದಳು. "ಮುತ್ಯಾ, ಬಾರೋ."

"ಇಲ್ಲಿ ಹಾಲಿನ ಮ್ಯಾಲ ಕೆನಿ ಅದ" ಅಂದಿತು ಗಂಟು. "ನೀ ನೀರು ಬೆರಸ್ತಿದ್ದಿ."

"ಇದೊಂದಾದ್ರೂ ಹೊಲಿ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅಳತೆಯ ಬ್ಲೌಸೂ ಬಟ್ಟೆಯೂ ಒಳಗೆ ತಳ್ಳಿದಳು. ಒಳಗೆಲ್ಲೋ ಹಳೇ ಮಷೀನು ಕಟಕಟ ಅಂದಾಗ ಅವಳಿಗೆ ಜೀವ ಬಂದಂತಾಯಿತು.

ಸಂಜೆ ರತ್ನಮಾಲಾ ಬಂದಳು. ಅಷ್ಟರಲ್ಲಿ ರುಕ್ಮಿಣಿಬಾಯಿಯೇ ಬ್ಲೌಸ್ ಹಿಡಿದು ಓಡಿಬಂದರು. "ಹನ್ನೆರಡು ವರ್ಷ ಮುಚ್ಚಿಟ್ಟ ನನ್ನ ಮಷೀನಿನ ಮ್ಯಾಲ ಇತ್ತು! ನಿದ್ದಿಗಣ್ಣಾಗ ನಾನೇ ಹೊಲ್ದೀನಿ. ಎಲ್ಲಾ ಹಿರೇರ ಕೃಪಾ!"

ಬ್ಲೌಸ್ ರತ್ನಮಾಲಾಳ ಮೈಗೆ ಬಳಿದಂತೆ ಕೂತಿತು.

"ಅದು ನಾನು..." ಎಂದಳು ಸುಜಾತಾ.

"ನೀನೇನು?" ವಿದ್ಯಾವತಿ ಕಿಟಕಿಯಿಂದ ಸಾಕ್ಷಿ ನುಡಿದಳು. "ನಾ ನೋಡಾಕತ್ತಿದ್ನಿ, ಕಟ್ಟಿ ಮ್ಯಾಲ ಕೂತು ಉಗುರು ಕಚ್ಚಾಕತ್ತಿದ್ದಿ."

ಹನ್ನೊಂದು ಬ್ಲೌಸೂ ರುಕ್ಮಿಣಿಬಾಯಿಗೇ ಹೋದವು. ಅವರು ಸುಜಾತಾಳನ್ನು ಕನಿಕರದಿಂದ ನೋಡಿದರು. "ನಾಳಿಂದ ನಾನೇ ಹೊಲಿಗಿ ದುಕಾನ ಇಡ್ತೀನಿ. ನಿನಗ ಹುಕ್ಕಾದ್ರೂ ಹಚ್ಚಾಕ ಬರ್ತದೇನವಾ?"

"ಬರ್ತದ್ರಿ" ಅಂದಳು ಸುಜಾತಾ. ಇಡೀ ದಿನದಲ್ಲಿ ಅವಳು ಆಡಿದ ಮೊದಲ ನಿಜ ಅದು.