ಹರೆಯಕ್ಕೆ ಬಂದ ಅತ್ತೆ

ನಮ್ಮ ಸೋದರತ್ತೆ ಇಪ್ಪತ್ತಮೂರನೆಯ ವಯಸ್ಸಿಗೇ ಮುದುಕಿಯಾದರು. ಎಪ್ಪತ್ತು ದಾಟಿದ ಮೇಲೆ ಹರೆಯಕ್ಕೆ ಬಂದರು! ನಗಬೇಡಿ. ವಿವರಗಳಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕೇಳಿದ್ದನ್ನು ಕಣ್ಣಾರೆ ಕಂಡೆನೆಂದು ನಂಬಿಬಿಡುವ ಚಾಳಿ ನನಗಿದೆ. ಮೊದಲರ್ಧ ನಡೆದಾಗ ನಾನಿನ್ನೂ ಹುಟ್ಟಿರಲೇ ಇಲ್ಲ. ಆದರೆ ಮುಖ್ಯ ಸಂಗತಿ ಸುಳ್ಳಲ್ಲ.

ಅತ್ತೆ ಮದುವೆಯಾಗಿ ರಾಜಧಾನಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿಗೆ ಬಂದಾಗ ಅಲ್ಲಿನ ಕನ್ನಡಿಗರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಗಂಡಸರು ಬೇಕಾದಷ್ಟು, ಹೆಂಗಸರಿಗೆ ಬರ. ಅತ್ತೆಗೆ ಆಸೆ, ಮಾವನಿಗೆ ಸಂಕೋಚ. ತೀರ್ಪು ಕೊಟ್ಟದ್ದು ಮಾವನ ತಾಯಿ: ‘ಮಾಡಲಿ ಬಿಡೋ. ಆದರೆ ಮುದುಕಿ ಪಾರ್ಟು ಮಾತ್ರ. ಮುದುಕೀನ ಯಾರು ಕಣ್ಣೆತ್ತಿ ನೋಡ್ತಾರೆ?’ ಸರಿ, ತಲೆಗೆ ಪೌಡರ್ ಸುರಿದುಕೊಂಡು ಬೆನ್ನು ಬಗ್ಗಿಸಿದ ಅತ್ತೆ, ನಾಟಕದ ಮೇಲೆ ನಾಟಕ, ಬಗ್ಗಿಸಿಕೊಂಡೇ ಇದ್ದರು. ಮಗನ ಪಾತ್ರ ಮಾಡುತ್ತಿದ್ದವರು ನಲವತ್ತು ದಾಟಿದ ಸೆಕ್ಷನ್ ಆಫೀಸರ್. ಒಮ್ಮೆ ಅಮ್ಮನ ಕಾಲಿಗೆ ಬಿದ್ದವರಿಗೆ ಮಂಡಿ ಹಿಡಿದುಕೊಂಡು ಏಳಲಾಗಲಿಲ್ಲ. ಕೋಲು ಬಿಸಾಡಿ ಅವರನ್ನು ಎತ್ತಿ ನಿಲ್ಲಿಸಿದ್ದು ಎಂಬತ್ತರ ಆ ತಾಯಿಯೇ!

ಕಲೆ ರಂಗದಿಂದ ಬೀದಿಗೂ ಇಳಿಯಿತು. ಕರೋಲ್ ಬಾಗಿನಲ್ಲಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ‘ಬೇಟಾ, ಬುಡ್ಢಿ ಹೂಂ’, ಮುದುಕಿ ಕಣಪ್ಪಾ, ಎಂದು ನಡುಗುವ ದನಿ ತೆಗೆದರೆ ಸೀರೆಯಂಗಡಿಯವರು ಕರಗಿ ಬೆಲೆ ಇಳಿಸುತ್ತಿದ್ದರಂತೆ. ಒಂದು ಸಲ, ಚೀಲ ಹಿಡಿದು ಹೊರಗೆ ಕಾಯುತ್ತಿದ್ದ ಮಾವನನ್ನು ಅಂಗಡಿಯವನು ಕರೆದು, ‘ಭಾಯಿ ಸಾಬ್, ನಿಮ್ಮ ಮಾತಾಜಿ ಬಲು ಜೋರು’ ಎಂದನಂತೆ. ಮಾವ ಎಷ್ಟೋ ದಿನ ಮಾತು ಬಿಟ್ಟರು. ಅತ್ತೆಯ ಪ್ರಕಾರ ಅಂಗಡಿಯವನ ಆ ಮಾತು ತಮಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ.

ಆಮೇಲೆ ನಿಜವಾದ ಮುಪ್ಪು ಬಂತು. ಅತ್ತೆಗೆ ಅದರ ಅಭಿನಯವೇ ಹಿಡಿಸಲಿಲ್ಲ! ಡಾಕ್ಟರು ಕೋಲು ಹಿಡಿಯಿರಿ ಎಂದರೆ, ‘ಹಿಡಿದು ಹಿಡಿದು ಸಾಕಾಗಿದೆ ಡಾಕ್ಟ್ರೇ, ಬೇರೆ ಏನಾದ್ರೂ ಕೊಡಿ’ ಎಂದರು. ಪೀತಮ್‌ಪುರದಲ್ಲಿ ನಾವಿಬ್ಬರೂ ಮೆಟ್ರೊ ಹತ್ತಿದ ಒಂದು ದಿನ ಕಾಲೇಜು ಹುಡುಗಿಯೊಬ್ಬಳು ಎದ್ದು ಸೀಟು ಬಿಟ್ಟಳು. ಅತ್ತೆ ಕೂತು, ನನ್ನನ್ನು ಬಗ್ಗಿಸಿ ಕಿವಿಯಲ್ಲಿ ಕೇಳಿದರು: ‘ಅಲ್ಲ ಕಣೇ, ನಾನೀಗ ಆ್ಯಕ್ಟ್ ಮಾಡ್ತಾನೇ ಇರಲಿಲ್ಲವಲ್ಲ, ಇವಳಿಗೆ ಹೇಗೆ ಗೊತ್ತಾಯ್ತು?’ ನಾನು ನಕ್ಕೆ. ಅವರು ನಗಲಿಲ್ಲ ಎಂದು ನೆನಪು.

ಕಳೆದ ಚಳಿಗಾಲದಲ್ಲಿ, ವಿಶ್ವವಿದ್ಯಾಲಯದಲ್ಲಿ ಓದುವ ಕನ್ನಡದ ಹುಡುಗನೊಬ್ಬ ನಾಟಕ ಆಡಿಸುತ್ತೇನೆಂದು ಮನೆಗೆ ಬಂದ.

‘ಮೇಡಂ, ಅಜ್ಜಿ ಪಾತ್ರ ನಿಮ್ದೇ. ಮೇಕಪ್ಪೇ ಬೇಡ!’

‘ಅಜ್ಜಿ ಆಗಿ ಆಯ್ತಪ್ಪ. ಹುಡುಗಿ ಪಾತ್ರ ಖಾಲಿ ಇದ್ಯಾ?’

ನಾಟಕದ ಆ ಹುಡುಗಿಗೆ ಹತ್ತೊಂಬತ್ತು. ಬಸ್ ಸ್ಟಾಪಿನಲ್ಲಿ ಪ್ರಿಯಕರನಿಗಾಗಿ ಕಾಯುತ್ತಾಳೆ. ಹುಡುಗ ತೊದಲಿದ. ‘ಇಪ್ಪತ್ಮೂರಕ್ಕೆ ಎಂಬತ್ತಾದಾಗ ಯಾರೂ ತಕರಾರು ಮಾಡ್ಲಿಲ್ಲ. ಈಗ ಹತ್ತೊಂಬತ್ತು ಯಾಕಾಗಬಾರದು?’ ಎಂದರು ಅತ್ತೆ. ಅಂದು ಎದ್ದು ಹೋದವನು ಕೆಲವು ದಿನಗಳ ಮೇಲೆ ಹುರುಪಿನಿಂದ ಮರಳಿ ಬಂದ. ನಾಟಕವನ್ನೇ ತಿರುವುಮುರುವು ಮಾಡಿದ್ದ: ವಯಸ್ಸಾದವರು ಎಳೆಯರಾಗಬೇಕು, ಎಳೆಯರು ಮುದುಕರಾಗಬೇಕು!

ಅಜ್ಜಿಯಾದವಳು ಗುರುಗ್ರಾಮದ ಕಂಪನಿಯೊಂದರ ಎಂಜಿನಿಯರ್ ಹುಡುಗಿ. ಅವಳು ಬೆನ್ನು ಬಗ್ಗಿಸಿ ನಡೆದರೆ ಅತ್ತೆ ಗದರಿದರು: ‘ಅದು ನಾನು ಮಾಡ್ತಿದ್ದ ತಪ್ಪು. ನಿಜವಾದ ಮುದುಕಿ ಬಗ್ಗೋದಿಲ್ಲಮ್ಮ, ನೆಟ್ಟಗೆ ನಿಲ್ಲೋಕೆ ಒದ್ದಾಡ್ತಾಳೆ. ಆ ಒದ್ದಾಟ ತೋರಿಸು.’

ತಮ್ಮ ಪಾತ್ರ ಮಾತ್ರ ಅವರಿಗೆ ಬರಲೇ ಇಲ್ಲ. ‘ಹುಡುಗಿಯರು ಕಾಯೋವಾಗ ಕೈ ಎಲ್ಲಿಟ್ಕೋತಾರೆ?’ ಎಂದು ನನ್ನನ್ನು ಕೇಳಿದರು.

‘ಹತ್ತೊಂಬತ್ತರಲ್ಲಿ ನೀವೆಲ್ಲಿಟ್ಕೋತಿದ್ರಿ?’

‘ಕಾಫಿ ತಟ್ಟೆ ಕೆಳಗೆ. ಗಂಡಿನ ಕಡೆಯವರು ನೋಡೋಕೆ ಬರ್ತಾನೇ ಇದ್ರಲ್ಲ.’ ಕೈಗಳನ್ನು ತಿರುಗಿಸಿ ನೋಡಿಕೊಂಡು, ‘ಆ ಒಂದು ವಯಸ್ಸು ನನಗೆ ಸಿಗಲೇ ಇಲ್ಲ ಕಣೇ. ನಾಟಕದಲ್ಲಾದ್ರೂ ಸಿಗುತ್ತೇನೋ ನೋಡ್ತೀನಿ’ ಎಂದರು.

ನಾಟಕದ ಸಂಜೆ ಅತ್ತೆ ಎರಡು ಜಡೆ ಹಾಕಿಕೊಂಡು ರಂಗಕ್ಕೆ ಬಂದಾಗ ಸಭೆ ಗೊಳ್ಳೆಂದು ನಕ್ಕಿತು. ಅವರು ನಗು ಮುಗಿಯುವವರೆಗೆ ನಿಂತರು. ಕೈ ಎಲ್ಲಿಟ್ಟುಕೊಂಡಿದ್ದರೋ ನಾನು ನೋಡಲಿಲ್ಲ. ಎಲ್ಲರ ಹಾಗೆ ನನ್ನ ಕಣ್ಣೂ ಅವರು ನೋಡುತ್ತಿದ್ದ ಕಡೆಗೆ, ಬಸ್ಸು ಬರಬೇಕಾದ ದಾರಿಗೆ ಹೋಗಿಬಿಟ್ಟಿತ್ತು. ನೋಯುವ ಮಂಡಿಯಲ್ಲೇ ತುದಿಗಾಲ ಮೇಲೆ ನಿಂತು ನೋಡುತ್ತಿದ್ದರು.

ಮೀಸೆಗೆ ಬಣ್ಣ ಹಚ್ಚಿಕೊಂಡ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಪ್ರಿಯಕರ. ಸರಿಯಾದ ಸಮಯಕ್ಕೆ ಎದುರಿಗೆ ಬಂದು, ‘ಬಂದೆ’ ಎಂದರು. ಅತ್ತೆ ಅವರ ಹೆಗಲ ಮೇಲಿಂದ ದಾರಿಯನ್ನೇ ನೋಡುತ್ತಿದ್ದರು. ‘ಬಂದೆ ಅಂದೆ!’ ಎಂದರು ಪಾಪ, ಇನ್ನಷ್ಟು ಗಟ್ಟಿಯಾಗಿ. ಅತ್ತೆ ಕದಲಲಿಲ್ಲ. ‘ಮಾತು ಮರೆತ್ಲು’ ಎಂದು ನನ್ನ ಪಕ್ಕದಲ್ಲಿದ್ದ ಮಾವ ಪಿಸುಗುಟ್ಟಿದರು. ಆದರೆ ಅದು ಮರೆತವರ ಮುಖವಾಗಿರಲಿಲ್ಲ. ಆಮೇಲೆ ಅತ್ತೆ ನಿಧಾನವಾಗಿ ಕಣ್ಣು ಕೆಳಗಿಳಿಸಿ, ‘ಬಂದ್ರಾ’ ಎಂದು ಮಾತು ಮುಂದುವರಿಸಿದರು.

ಮನೆಗೆ ಹೋಗುವ ಟ್ಯಾಕ್ಸಿಯಲ್ಲೂ ಅವರು ಜಡೆ ಬಿಚ್ಚಲಿಲ್ಲ.

‘ಅತ್ತೆ, ಅವರು ಎದುರಿಗೇ ಬಂದು ನಿಂತಿದ್ರಲ್ಲ, ಆಗ ಆ ದಾರೀಲಿ ನೀವು ಯಾರನ್ನ ನೋಡ್ತಿದ್ರಿ?’ ಎಂದು ಕೇಳಿದೆ.

ಮುಂದಿನ ಸೀಟಿನಲ್ಲಿದ್ದ ಮಾವ, ‘ಭಯ್ಯಾ, ರೇಡಿಯೊ ಬಂದ್ ಕರೋ’ ಎಂದು ಡ್ರೈವರಿಗೆ ಹೇಳಿ ನಮ್ಮ ಕಡೆಗೆ ಕಿವಿಗೊಟ್ಟರು.

ಅತ್ತೆ ಇನ್ನೂ ಹೇಳಿಲ್ಲ.